ಬೆನ್ನುಚೀಲದೊಳಗಿನ ಈರುಳ್ಳಿ

ಈರುಳ್ಳಿಗೆ ಗಾಳಿಯಾಡಬೇಕು ಎನ್ನುವುದು ಅಡುಗೆಮನೆಯ ಪ್ರಾಥಮಿಕ ಜ್ಞಾನ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವರುತ್ತದೆ, ಡಬ್ಬಿಯಲ್ಲಿಟ್ಟರೆ ಕೊಳೆಯುತ್ತದೆ, ಬುಟ್ಟಿಯಲ್ಲಿಟ್ಟರೆ ಸಿಪ್ಪೆ ಮನೆಯೆಲ್ಲ ಹಾರಾಡುತ್ತದೆ. ಜೆ.ಪಿ. ನಗರದ ನಮ್ಮ ಬಾಡಿಗೆ ಮನೆಯಲ್ಲಿ ಈ ಜಟಿಲ ಸಮಸ್ಯೆಗೆ ಬಹಳ ಕಾಲ ಒಂದು ಸೊಗಸಾದ ಪರಿಹಾರವಿತ್ತು. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿದ್ದ, ಎರಡೂ ಪಕ್ಕಕ್ಕೆ ಬಲೆಯ ಜೇಬುಗಳಿದ್ದ, ಸೊಂಟಕ್ಕೆ ಬಿಗಿಯುವ ಪಟ್ಟಿಯಿದ್ದ, ಹಿಮಾಲಯಕ್ಕೂ ಜಗ್ಗದೆಂದು ಅಂಗಡಿಯವನು ಆಣೆಯಿಟ್ಟು ಕೊಟ್ಟಿದ್ದ ಒಂದು ಕಡುನೀಲಿ ಬೆನ್ನುಚೀಲವೇ ಆ ಪರಿಹಾರ. ಅದರ ದೊಡ್ಡ ಹೊಟ್ಟೆಯಲ್ಲಿ ಈರುಳ್ಳಿ, ಬಲೆಯ ಜೇಬುಗಳಲ್ಲಿ ಬೆಳ್ಳುಳ್ಳಿ, ನಕ್ಷೆಯಿಡಲೆಂದೇ ಮಾಡಿದ್ದ ಮೇಲಿನ ಜಿಪ್ಪಿನ ಅರೆಯಲ್ಲಿ ಒಣಮೆಣಸಿನಕಾಯಿ. ಚೀಲ ಕೊಂಡವನು ನಾನು, ಈರುಳ್ಳಿ ತುಂಬಿದವಳು ನನ್ನ ಹೆಂಡತಿ ವಿಮಲಾ. ಆ ಎರಡು ಕ್ರಿಯೆಗಳ ನಡುವೆ ನಡೆಯಬೇಕಾಗಿದ್ದ ಪರ್ವತಾರೋಹಣವೊಂದು ನಡೆಯದೇ ಹೋದ ಕಥೆಯನ್ನು, ನಿಮಗೆ ಪುರುಸೊತ್ತಿದ್ದರೆ, ಹೇಳಿಬಿಡುತ್ತೇನೆ.

ಮೊದಲು ಒಂದು ನಿವೇದನೆ. ನಾನು ಸೋಮಾರಿಯಲ್ಲ; ಕೂತಲ್ಲಿ ಕೂರುವವನೇ ಅಲ್ಲ. ಇವನ ಕಾಲಲ್ಲಿ ಚಕ್ರವಿದೆ ಎಂದು ಚಿಕ್ಕಂದಿನಲ್ಲಿ ನನ್ನಮ್ಮ ಹೇಳುತ್ತಿದ್ದಳು. ಚಕ್ರವಿದ್ದದ್ದು ನಿಜ, ಆದರೆ ಅದು ನಿಂತಲ್ಲೇ ತಿರುಗುವ ಜಾತಿಯದೆಂದು ಆಕೆಗೆ ತಿಳಿಯಲಿಲ್ಲ, ನನಗೂ ತಡವಾಗಿ ತಿಳಿಯಿತು. ಜಯನಗರದ ಕಡೆಯ ಒಂದು ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರದ ಪಾಠ ಹೇಳುತ್ತಿದ್ದೆ. ಅದಕ್ಕಿಂತ ಮುಖ್ಯವಾಗಿ ಇಡೀ ಕಾಲೇಜಿನ ವೇಳಾಪಟ್ಟಿ ತಯಾರಿಸುತ್ತಿದ್ದೆ. ಯಾರು, ಯಾವಾಗ, ಎಲ್ಲಿ ಇರಬೇಕೆಂಬುದನ್ನು ಚೌಕ ಎಳೆದು ನಿರ್ಧರಿಸುವ ಸುಖದ ರುಚಿ ಒಮ್ಮೆ ಹತ್ತಿದವನಿಗೆ ಸ್ವತಃ ಎಲ್ಲಾದರೂ ಇರುವುದು ಸಪ್ಪೆಯೆನಿಸುತ್ತದೆ. ಶುಕ್ರವಾರದ ಕೊನೆಯ ಪಿರಿಯಡ್ಡಿಗೆ ನನ್ನ ಚಡಪಡಿಕೆ ಶುರುವಾಗುತ್ತಿತ್ತು. ಮನೆಗೆ ಬಂದವನು ಶೂ ಕೂಡ ಬಿಚ್ಚದೆ ಹಾಲಿನಿಂದ ತಾರಸಿಗೆ, ತಾರಸಿಯಿಂದ ಹಾಲಿಗೆ ಶತಪಥ ತುಳಿದು, ಕೊನೆಗೆ ಉದ್ದನೆಯ ನೋಟ್‌ಪುಸ್ತಕ ತೆಗೆದು ಕೂರುತ್ತಿದ್ದೆ. ಬಸ್ಸು ಎಷ್ಟು ಹೊತ್ತಿಗೆ, ಇಳಿಯುವುದೆಲ್ಲಿ, ನೀರೆಲ್ಲಿ, ತಂಗುವುದೆಲ್ಲಿ, ಮಳೆ ಬಂದರೇನು, ಬಾರದಿದ್ದರೇನು. ಭಾನುವಾರ ಸಂಜೆಯ ಹೊತ್ತಿಗೆ ನಾಲ್ಕು ಹಾಳೆ ತುಂಬಿ, ಎಲ್ಲಿಗೋ ಹೋಗಿಬಂದಷ್ಟೇ ಆಯಾಸವಾಗಿರುತ್ತಿತ್ತು.

ಇಷ್ಟೆಲ್ಲ ತಾಲೀಮು ಒಂದು ಗುಡ್ಡಕ್ಕಾಗಿ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಜರಗನಹಳ್ಳಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಚಿಕ್ಕಪ್ಪನೊಬ್ಬರು ನನ್ನ ಹವ್ಯಾಸವೇನೆಂದು ಕೇಳಿದ್ದರು. ಕೇರಂ ಎನ್ನಲು ನಾಚಿಕೆಯಾಗಿ ‘ಚಾರಣ’ ಎಂದುಬಿಟ್ಟೆ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ವಿಮಲಾ ಆಗ ಮೊದಲ ಬಾರಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮನೆಯ ತಾರಸಿಯಿಂದ, ಕನಕಪುರದ ದಿಕ್ಕಿಗೆ, ಮಂಜಿಲ್ಲದ ಬೆಳಗುಗಳಲ್ಲಿ ಒಂದು ನೀಲಿ ಗುಡ್ಡ ಕಾಣುತ್ತಿತ್ತು. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಕಡಿದಾದ ಬಂಡೆ. ರಾಗಿ ಒಣಹಾಕಲು ಮೇಲೆ ಹೋದಾಗಲೆಲ್ಲ ಅದನ್ನೇ ನೋಡುತ್ತ ಬೆಳೆದವಳು ಅವಳು. ಅಲ್ಲಿಗೆ ಕರೆದುಕೊಂಡು ಹೋಗಿರೆಂದು ಮನೆಯಲ್ಲಿ ಕೇಳಿದರೆ, ಅಲ್ಲೇನಿದೆ ಮಣ್ಣು, ಬರೀ ಕಲ್ಲು ಎನ್ನುತ್ತಿದ್ದರಂತೆ. ಚಾರಣ ಎಂಬ ಆ ಒಂದು ಮಾತಿಗೇ ತಾನು ಮದುವೆಗೆ ಒಪ್ಪಿದ್ದೆಂದು ಅವಳು ಆಮೇಲೆ ಹೇಳಿದಳು. ಮೂರಕ್ಷರದ ಒಂದು ಸುಳ್ಳಿನ ಬಲದ ಮೇಲೆ ನಿಂತ ಸಂಸಾರ ನಮ್ಮದು.

ಅದೃಷ್ಟವೋ ದುರದೃಷ್ಟವೋ, ನಮ್ಮ ಬಾಡಿಗೆ ಮನೆಯ ತಾರಸಿಯಿಂದಲೂ ಆ ಗುಡ್ಡ ಕಾಣುತ್ತಿತ್ತು. ಮದುವೆಯಾದ ಮೊದಲ ವಾರವೇ ವಿಮಲಾ ಅದನ್ನು ತೋರಿಸಿ, ಯಾವಾಗ ಹೋಗೋಣ ಎಂದಳು. ಸುಳ್ಳನ್ನು ನಿಜ ಮಾಡುವ ಉತ್ಸಾಹದಲ್ಲಿ ನಾನು ಮರುದಿನವೇ ಆ ಬೆನ್ನುಚೀಲ ಕೊಂಡೆ. ಅದಕ್ಕೆ ಅಕ್ಕಿ ತುಂಬಿ, ಯಡಿಯೂರು ಕೆರೆಯ ಸುತ್ತ ಬೆಳಿಗ್ಗೆ ಬೆಳಿಗ್ಗೆ ನಾಲ್ಕು ಸುತ್ತು ಹಾಕುವ ಅಭ್ಯಾಸವನ್ನೂ ಆರಂಭಿಸಿದೆ. ಪರಿಚಯದ ಹಿರಿಯರೊಬ್ಬರು ಮೂರು ದಿನ ಇದನ್ನು ಗಮನಿಸಿ, ನಾಲ್ಕನೆಯ ದಿನ ನೇರ ನಮ್ಮ ಮನೆಗೆ ಬಂದು, ಹೊಸ ದಂಪತಿಗಳ ನಡುವೆ ಏನಾದರೂ ಜಗಳವಾಗಿದೆಯೇ ಎಂದು ವಿಮಲಾಳನ್ನು ವಿಚಾರಿಸಿಕೊಂಡು ಹೋದರು. ಅಭ್ಯಾಸ ಅಲ್ಲಿಗೆ ನಿಂತಿತು.

ಆದರೆ ಯೋಜನೆ ನಿಲ್ಲಲಿಲ್ಲ. ಹೆಸರೇ ಗೊತ್ತಿಲ್ಲದ ಗುಡ್ಡಕ್ಕೆ ಹೋಗುವುದು ವಿಳಾಸವಿಲ್ಲದ ಮನೆಯನ್ನು ಹುಡುಕಿ ಹೊರಟಂತೆ ಎನ್ನುವುದು ನನ್ನ ಸಿದ್ಧಾಂತ. ನಕ್ಷೆಗಾಗಿ ಸರ್ವೆ ಕಚೇರಿಗೆ ಅರ್ಜಿ ಹಾಕಿದೆ. ಬೇಕಾದ ಹಾಳೆಯೊಂದನ್ನು ಬಿಟ್ಟು ಅದರ ಸುತ್ತಲಿನ ಹಾಳೆಗಳೆಲ್ಲ ಸಿಕ್ಕವು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಿಂದ ದಿಕ್ಸೂಚಿಯೊಂದನ್ನು ಕಡ ತಂದು, ತಾರಸಿಯಲ್ಲಿಟ್ಟು, ಒಂದು ಕಣ್ಣು ಮುಚ್ಚಿ ಗುಡ್ಡದ ದಿಕ್ಕನ್ನು ಅಳೆದು, ನಕ್ಷೆಯ ಮೇಲೆ ಗೆರೆ ಎಳೆದೆ. ಗೆರೆ ನೇರವಾಗಿ ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗಳನ್ನು ಹಾದು ಹೋಯಿತು. ನಾಲ್ಕು ಭಾನುವಾರ ಇದರ ಬಗ್ಗೆ ತಲೆ ಕೆಡಿಸಿಕೊಂಡ ಮೇಲೆ ಹೊಳೆದದ್ದು, ಮುಂದೊಂದು ದಿನ ಇನ್ನೊಂದು ಮಹಡಿ ಏಳಿಸುವ ಆಸೆಯಿಂದ ಮನೆ ಮಾಲೀಕರು ತಾರಸಿಯ ತುಂಬ ಬಿಟ್ಟಿದ್ದ ಕಬ್ಬಿಣದ ಕಂಬಿಗಳು ಮುಳ್ಳನ್ನು ತಮ್ಮ ಕಡೆಗೆ ಎಳೆಯುತ್ತಿವೆ ಎಂದು. ಮಾಲೀಕರೂ ನನ್ನ ಹಾಗೆ ಯೋಜನೆಯ ಮನುಷ್ಯರೇ. ಆ ಮಹಡಿ ಇವತ್ತಿಗೂ ಎದ್ದಿಲ್ಲ.

ನಮ್ಮ ಕಾಲೇಜಿನ ಗ್ರಂಥಪಾಲಕ ಬಸವರಾಜ ಬಿಜಾಪುರದ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ಹೆಂಡತಿ ಗಿರಿಜಾಳೊಂದಿಗೆ ಬಾಡಿಗೆಗಿದ್ದ. ಹಳೆಯ ಗೆಜೆಟಿಯರುಗಳನ್ನು ಹುಡುಕಿಕೊಟ್ಟು ಸಾಕಾಗಿ ಒಮ್ಮೆ ಅವನು, “ಗುಡ್ಡಾ ಎಲ್ಲಿ ಓಡಿ ಹೋಗ್ತೈತ್ರಿ ಸರ? ಮೊದ್ಲ ಬಸ್ ಹತ್ರಿ” ಎಂದ. ಮೊದಲರ್ಧ ಮಾತು ನನಗೆ ಬಹಳ ಹಿಡಿಸಿತು. ಓಡಿ ಹೋಗದ್ದಕ್ಕೆ ಅವಸರವೇಕೆ?

ಅವಸರವಿಲ್ಲದಿದ್ದರೂ ಒಮ್ಮೆ ಹೊರಟೆವು, ಸುಳ್ಳು ಹೇಳಬಾರದು. ಸಿಟಿ ಬಸ್ಸು ಮುಟ್ಟುವುದಕ್ಕಿಂತ ಸ್ವಲ್ಪ ದೂರದ ಆ ಸೀಮೆಗೆ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾಗಿತ್ತು. ಆದರೆ ತಂಗುವ ಜಾಗ ನಿಶ್ಚಯವಾಗದೆ ನನ್ನಂಥ ವೇಳಾಪಟ್ಟಿಯ ಮನುಷ್ಯ ಹೊಸ್ತಿಲು ದಾಟುವುದಿಲ್ಲ. ಆ ಕಡೆಯ ಸರ್ಕಾರಿ ಪ್ರವಾಸಿ ಮಂದಿರಕ್ಕೆ ‘ಮಾನ್ಯರೇ’ ಎಂದು ಆರಂಭಿಸಿ ಎರಡು ಪುಟದ ಪತ್ರ ಬರೆದು, ಎರಡು ನೆನಪೋಲೆ ಕಳಿಸಿ, ಕೊನೆಗೆ ಮೊಹರು ಹಾಕಿದ ಅನುಮತಿ ತರಿಸಿಕೊಂಡಿದ್ದೆ. ಮಧ್ಯಾಹ್ನ ಹೋಗಿ ಇಳಿದರೆ, ಬಂಗಲೆ ನೋಡಿಕೊಳ್ಳುವ ಮೇಟಿ ನನ್ನ ಪತ್ರವನ್ನು ಭಕ್ತಿಯಿಂದ ಎರಡು ಸಲ ಓದಿ, ಬೆಳಿಗ್ಗೆಯಷ್ಟೇ ಸಾಹೇಬರೊಬ್ಬರ ನೆಂಟರು ಬಂದು ಇಳಿದಿದ್ದಾರೆಂದ. ನಾವು ಜಗಲಿಯ ಮೇಲೆ ಕೂತು ಚಪಾತಿ, ಚಟ್ನಿಪುಡಿ ತಿಂದೆವು. ಎದುರಿಗೆ ನಾಲ್ಕೈದು ಗುಡ್ಡಗಳು ಬಿಸಿಲು ಕಾಯಿಸುತ್ತ ಕೂತಿದ್ದವು.

“ಇಷ್ಟು ದೂರ ಬಂದಿದ್ದೀವಿ, ಯಾವುದಾದ್ರೂ ಒಂದು ಹತ್ತೋಣ” ಎಂದಳು ವಿಮಲಾ.

ಯಾವುದಾದರೂ ಒಂದು! ನಾನು ತಾಳ್ಮೆಯಿಂದ ವಿವರಿಸಿದೆ. ಹತ್ತಿರದಿಂದ ಎಲ್ಲ ಗುಡ್ಡವೂ ಒಂದೇ ಥರ ಕಾಣುತ್ತದೆ, ನಮ್ಮ ಗುಡ್ಡ ಇದರಲ್ಲಿ ಯಾವುದೆಂದು ಖಚಿತವಾಗದೆ ತಪ್ಪು ಗುಡ್ಡ ಹತ್ತಿದರೆ ಶ್ರಮ ವ್ಯರ್ಥ, ಮುಂದಿನ ಸಲ ಸರಿಯಾದ ಮಾಹಿತಿಯೊಂದಿಗೆ ಬರೋಣ. ಅವಳು ಡಬ್ಬಿ ಮುಚ್ಚಿದಳು. ನಾಲ್ಕು ಗಂಟೆಯ ಬಸ್ಸಿಗೆ ವಾಪಸಾದೆವು. ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕೂತು ಅವಳು ಹಿಂದಕ್ಕೆ ನೋಡುತ್ತಿದ್ದಳು, ನಾನು ಮುಂದಿನ ಸಲದ ಪಟ್ಟಿ ಬರೆಯುತ್ತಿದ್ದೆ.

ಆ ಮುಂದಿನ ಸಲ ಬರುವ ಮೊದಲೇ ನಮ್ಮ ಹಿಂದಿನ ತೆಂಗಿನ ತೋಟ ಮಾರಾಟವಾಯಿತು. ಮರಗಳು ಹೋದವು, ಹಳ್ಳ ತೋಡಿದರು, ಪಿಲ್ಲರ್ ಎದ್ದವು. ಮೊದಲ ಮಹಡಿಗೆ ಗುಡ್ಡದ ಪಾದ ಮುಚ್ಚಿತು. ಎರಡನೆಯದಕ್ಕೆ ಇಳಿಜಾರು ಹೋಯಿತು. ವಿಮಲಾ ಬಟ್ಟೆ ಒಣಹಾಕಲು ಹೋದವಳು ಬೇಗ ಕೆಳಗಿಳಿಯುತ್ತಿರಲಿಲ್ಲ. ಈಗಲಾದರೂ ಹೊರಡಬೇಕೆಂದು ನನಗೂ ಅವಸರ ಹತ್ತಿತ್ತು. ಕಟ್ಟಡ ಮುಗಿಯುವುದರೊಳಗೆ ಗುಡ್ಡ ಗುರುತಿಸದಿದ್ದರೆ ಆಮೇಲೆ ಗುರುತಿಸುವುದು ಹೇಗೆ? ಮತ್ತೆ ದಿಕ್ಸೂಚಿ ತಂದೆ, ಈ ಸಲ ಕಂಬಿಗಳಿಂದ ದೂರ, ಮರದ ಸ್ಟೂಲಿನ ಮೇಲಿಟ್ಟು ಅಳೆಯೋಣವೆಂದು. ಆದರೆ ಅದು ಸೆಮಿಸ್ಟರಿನ ಆರಂಭ, ವೇಳಾಪಟ್ಟಿಯ ಕಾಲ. ದಿಕ್ಸೂಚಿ ಹದಿನೈದು ದಿನ ಟೀವಿಯ ಮೇಲೆ ಕೂತಿತ್ತು. ಒಂದು ಸಂಜೆ ವಿಮಲಾ ಒಣಗಿದ ಬಟ್ಟೆಯ ರಾಶಿ ಹೊತ್ತು ಕೆಳಗೆ ಬಂದು, ಅದನ್ನು ಮಂಚದ ಮೇಲೆ ಹಾಕಿ, “ಗುಡ್ಡ ಹೋಯ್ತು ರೀ” ಎಂದಳು.

ನಾನು ಮೇಲೆ ಓಡಿದೆ. ನಾಲ್ಕನೆಯ ಮಹಡಿಯ ಸೆಂಟ್ರಿಂಗ್ ಹಲಗೆಗಳು ಆಕಾಶಕ್ಕೆ ತಾಗಿ ನಿಂತಿದ್ದವು. ಬಸವರಾಜನ ಮಾತು ತಪ್ಪಾಗಿತ್ತು, ಗುಡ್ಡವೂ ಓಡಿಹೋಗಬಲ್ಲದು. ಕೆಳಗಿಳಿದು ಬಂದಾಗ ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಅವಳು ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಬಾಗಿಲ ಹಿಂದಿನ ಬೆನ್ನುಚೀಲದಲ್ಲಿ ಈರುಳ್ಳಿ ತುಂಬಿತ್ತು.

ಅಪರಾಧಪ್ರಜ್ಞೆ ಕೆಲವರನ್ನು ದೇವಸ್ಥಾನಕ್ಕೆ ಕಳಿಸುತ್ತದೆ, ನನ್ನನ್ನು ಬ್ರೌಸಿಂಗ್ ಸೆಂಟರಿಗೆ ಕಳಿಸಿತು. ಹೊಸ ಶತಮಾನ ಬಂದಿತ್ತು. ರಸ್ತೆಯ ತುದಿಯ ಆ ಇಕ್ಕಟ್ಟಿನ ಕೋಣೆಯಲ್ಲಿ ಜಗತ್ತಿನ ಬೆಟ್ಟಗಳೆಲ್ಲ ಒಂದೊಂದೇ ಗೆರೆಯಾಗಿ ಪರದೆಯ ಮೇಲೆ ಇಳಿಯುತ್ತಿದ್ದವು. ಹೋಂ ಸ್ಟೇ ಎಂಬ ಹೊಸ ಪದ ಕಲಿತೆ, ರೆಸಾರ್ಟುಗಳ ಪಟ್ಟಿ ಮಾಡಿದೆ, ಡೇರೆಯಲ್ಲಿ ಮಲಗುವುದರ ಸಾಧಕಬಾಧಕ ಬರೆದೆ. ನೋಟ್‌ಪುಸ್ತಕದ ಮೂರನೆಯ ಸಂಪುಟ ಮುಗಿಯಿತು. ಪ್ರತಿ ಶುಕ್ರವಾರ ನಾನು ಉತ್ಸಾಹದಿಂದ ಹೊಸ ಜಾಗವೊಂದರ ವಿವರ ಓದಿ ಹೇಳುವಾಗ ವಿಮಲಾ ಚೀಲಕ್ಕೆ ಕೈ ಹಾಕಿ ಎರಡು ಈರುಳ್ಳಿ ತೆಗೆದು ಹೆಚ್ಚುತ್ತ, ಹೂಂಗುಟ್ಟುತ್ತಿದ್ದಳು.

ಹೀಗೆ ಆರೇಳು ವರ್ಷ ಕಳೆಯಿತು. ಒಂದು ಕಾರ್ತಿಕ ಮಾಸದ ಭಾನುವಾರ ಸಂಜೆ ಅವಳು, ನಾಳೆ ಗಿರಿಜಾಳ ಜೊತೆ ಬೆಟ್ಟಕ್ಕೆ ಹೋಗುತ್ತಿದ್ದೇನೆ ಎಂದಳು. ಬಸವರಾಜನ ಹೆಂಡತಿ ಮತ್ತು ಅವರ ಓಣಿಯ ಏಳೆಂಟು ಹೆಂಗಸರು ಕಾರ್ತಿಕ ಸೋಮವಾರಗಳಂದು ಬೆಟ್ಟದ ಮೇಲಿನ ಯಾವುದಾದರೂ ಶಿವನ ಗುಡಿಗೆ ಹೋಗಿ ದೀಪ ಹಚ್ಚಿ ಬರುವ ಪದ್ಧತಿ ಇಟ್ಟುಕೊಂಡಿದ್ದರು. ಯಾವ ಬೆಟ್ಟ, ಎಷ್ಟು ಎತ್ತರ, ಮೇಲೆ ನೀರಿದೆಯೇ, ಕೊನೆಯ ಬಸ್ಸು ಎಷ್ಟಕ್ಕೆ ಎಂದು ನಾನು ಒಂದೇ ಉಸಿರಿಗೆ ಕೇಳಿದೆ. ಅವಳಿಗೆ ಒಂದೂ ಗೊತ್ತಿರಲಿಲ್ಲ. ಗಿರಿಜಾಳಿಗೆ ಫೋನು ಮಾಡಿದರೆ, ಬನಶಂಕರಿಯಲ್ಲಿ ಬಸ್ಸು ಹತ್ತುವುದು, ಎಲ್ಲರೂ ಇಳಿಯುವಲ್ಲಿ ಇಳಿಯುವುದು, ಎಲ್ಲರೂ ಹತ್ತುವ ಕಡೆ ಹತ್ತುವುದು, ಇದಕ್ಕೆ ಹೆಚ್ಚಿನದೇನಿದೆ ಎಂದಳು. ನಾನು ಗಾಬರಿಯಿಂದ ಒಂದೂವರೆ ಪುಟದ ಸೂಚನೆ ಬರೆದು ವಿಮಲಾಳ ಕೈಗೆ ಕೊಟ್ಟೆ.

ಬೆಳಿಗ್ಗೆ ಎದ್ದಾಗ ಅವಳು ಹೊರಟುಹೋಗಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಹಳೆಯ ಪೇಪರಿನ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಗುಡ್ಡೆಯಾಗಿ ಬಿದ್ದಿದ್ದವು. ಮೊಳೆ ಬರಿದಾಗಿತ್ತು. ನನ್ನ ಒಂದೂವರೆ ಪುಟ ಮೆಣಸಿನಕಾಯಿಯ ಕೆಳಗಿತ್ತು.

ಅವತ್ತು ಕಾಲೇಜಿಗೆ ರಜೆ ಹಾಕಿದೆ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಾಫಿ ಮಾಡಿಕೊಂಡು ಕುಡಿಯಲು ಮರೆತೆ. ಅವಳ ಕಾಲು ಜಾರೀತೆಂಬ ಚಿಂತೆ ಅರ್ಧ. ಉಳಿದರ್ಧ, ಇಷ್ಟು ವಯಸ್ಸಾದ ಮೇಲೆ ಒಪ್ಪಿಕೊಳ್ಳುವುದಕ್ಕೇನು, ಶುದ್ಧ ಹೊಟ್ಟೆಕಿಚ್ಚು. ಹನ್ನೊಂದರ ಸುಮಾರಿಗೆ ಫೋನು ಬಡಿಯಿತು. ಗಿರಿಜಾಳ ಮೊಬೈಲು, ವಿಮಲಾಳ ದನಿ, ಅದರ ಹಿಂದೆ ಗಾಳಿ.

“ರೀ, ಮೇಲಿದ್ದೀನಿ” ಎಂದಳು.

ಸುಖವಾಗಿದ್ದೀಯಾ ಎಂದು ಕೇಳಬೇಕಿತ್ತು. ನಾನು ಕೇಳಿದ್ದು, ಅದು ನಮ್ಮ ಗುಡ್ಡವೇ, ಒಂದು ಕಡೆ ಕಡಿದಾದ ಬಂಡೆ ಇದೆಯೇ, ನಮ್ಮ ಮನೆಯ ದಿಕ್ಕು ಕಾಣುತ್ತದೆಯೇ ಎಂದು. ಫೋನಿನಲ್ಲಿ ಗಾಳಿಯ ಸದ್ದು ಜೋರಾಯಿತು. ಬಹುಶಃ ತಿರುಗಿ ನೋಡುತ್ತಿದ್ದಳು.

“ಊರಿನ ಕಡೆ ಬರೀ ಮಬ್ಬು, ಏನೂ ಕಾಣಲ್ಲ. ಅದೇ ಗುಡ್ಡನೋ ಅಲ್ವೋ ಗೊತ್ತಿಲ್ಲ ರೀ” ಎಂದಳು. ಆಮೇಲೆ, “ಇವತ್ತಿಂದ ಇದೇ.”

ಸಂಜೆ ಐದೂವರೆಗೆ ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಸೀರೆಯ ಅಂಚಿಗೆ ಉತ್ತರಾಣಿಯ ಮುಳ್ಳು ಮೆತ್ತಿತ್ತು. ಚೀಲದಿಂದ ಅರ್ಧ ತೆಂಗಿನಕಾಯಿ ಮತ್ತು ವಿಭೂತಿಯ ಪೊಟ್ಟಣ ತೆಗೆದಿಟ್ಟು, ಖಾಲಿ ಚೀಲವನ್ನು ಕೊಡವಿ ಮತ್ತೆ ಮೊಳೆಗೆ ಹಾಕಿದಳು. ಈರುಳ್ಳಿಯನ್ನು ಮುಟ್ಟಲಿಲ್ಲ. ಬೆಟ್ಟದ ಹೆಸರು ಕೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡೆ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದವಳು, ಮುಂದಿನ ಸೋಮವಾರ ನಿಮಗೆ ಕ್ಲಾಸಿದೆಯಾ ಎಂದು ಕೇಳಿದಳು. ಇತ್ತು, ಮೂರು ಪಿರಿಯಡ್. ಇಲ್ಲ ಎಂದೆ. ವೇಳಾಪಟ್ಟಿ ಮಾಡುವವನು ನಾನೇ ತಾನೇ; ರಬ್ಬರು ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ಮರುದಿನ ಕಾಲೇಜಿನಿಂದ ಬರುವಾಗ ಬಿದಿರಿನ ಬುಟ್ಟಿಯೊಂದನ್ನು ತಂದು ಈರುಳ್ಳಿಯನ್ನೆಲ್ಲ ಅದಕ್ಕೆ ತುಂಬಿದೆ. ಈಗ ಫ್ಯಾನು ಹಾಕಿದಾಗಲೆಲ್ಲ ಸಿಪ್ಪೆ ಮನೆಯೆಲ್ಲ ಹಾರಾಡುತ್ತದೆ. ಗುಡಿಸುವ ಕೆಲಸ ನನ್ನದು.