ಆಣೆಯ ಕತ್ತಿ

ಖಾಲಾ ಅವರ ಬಲಗಿವಿಯ ಹಾಲೆ ಹರಿದು ಎರಡಾಗಿತ್ತು. ಸಂತೆಯಲ್ಲಿ ಕಳ್ಳನೊಬ್ಬ ಓಲೆ ಕಿತ್ತುಕೊಂಡು ಓಡಿದ್ದನಂತೆ. ಅದನ್ನು ಅವರು ಸೆರಗಿನಲ್ಲಿ ಮುಚ್ಚಿದವರೇ ಅಲ್ಲ. "ಕದ್ದೋನು ಅವ. ನಾನ್ಯಾಕ ಮುಚ್ಕೋಬೇಕು?" ಎನ್ನುತ್ತಿದ್ದರು.

ಐವತ್ತರ ದಶಕದ ಹರಿಹರದಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆ ಅವರದು. ಗಂಡ ತೀರಿಹೋದ ಮೇಲೆ ಹೊಲಿಗೆ ಯಂತ್ರ ತುಳಿದು ಮಗಳನ್ನು ಸಾಕುತ್ತಿದ್ದರು. ಅವರು ಮುಸಲ್ಮಾನರು, ನಮ್ಮದು ಲಿಂಗ ಕಟ್ಟಿದ ಮನೆ; ಆದರೂ ಬೀದಿಯ ಮಕ್ಕಳಿಗೆಲ್ಲ ಅವರು ಖಾಲಾ, ಚಿಕ್ಕಮ್ಮ.

ಅವರ ಗಂಡ ಬರ್ಮಾ ಯುದ್ಧದಲ್ಲಿ ಲಾರಿ ಓಡಿಸಿದವರು. ಅಲ್ಲಿ ಜ್ವರದಲ್ಲಿ ಬಿದ್ದಾಗ ಪಶ್ಚಿಮ ಆಫ್ರಿಕಾದ ಸಿಪಾಯಿಯೊಬ್ಬ ಹೆಗಲ ಮೇಲೆ ಹೊತ್ತು ಗುಡ್ಡ ದಾಟಿಸಿದ್ದನಂತೆ. ಅಗಲುವಾಗ ತನ್ನ ಅಜ್ಜನ ಕತ್ತಿಯನ್ನು ಕೈಗಿತ್ತಿದ್ದ. ಮೊಳದುದ್ದದ ಅಗಲ ಅಲಗು, ಅದರ ತುಂಬ ಸಣ್ಣ ತೂತುಗಳ ಚಿತ್ತಾರ, ಹಿಡಿಗೆ ಸುತ್ತಿದ ಹಿತ್ತಾಳೆ ತಂತಿ. ಕಡಿಯುವ ಕತ್ತಿಯಲ್ಲ. ಅವನ ಊರಿನಲ್ಲಿ ಮುಖಂಡನಾಗುವವನು ಜನರೆದುರು ಅದನ್ನು ಹಿಡಿದು ಆಣೆ ಮಾಡಬೇಕು. ಹಿಡಿದ ಮೇಲೆ ಸುಳ್ಳಾಡುವಂತಿಲ್ಲ. ಖಾಲಾ ಅದನ್ನು ಗೋಡೆಗೆ ತೂಗುಹಾಕಿದ್ದರು.

ಮನೆ ಖಾಲಿ ಮಾಡಿಸಬೇಕೆಂದಿದ್ದ ಮಾಲೀಕರು, ಆಕೆ ಆಯುಧ ತೋರಿಸಿ ಬೆದರಿಸುತ್ತಾಳೆಂದು ದೂರು ಕೊಟ್ಟರು. ಒಂದು ಬೆಳಿಗ್ಗೆ ದಫೇದಾರರನ್ನು ಕರೆದುಕೊಂಡೇ ಬಂದರು. ಬೀದಿಯೆಲ್ಲ ನೆರೆಯಿತು.

"ಆಯುಧ ಎಲ್ಲೈತಮ್ಮಾ?" ಎಂದರು ದಫೇದಾರರು.

ಖಾಲಾ ತಾವೇ ಕತ್ತಿ ತಂದು, ಅದರ ಬಾಯನ್ನು ತಮ್ಮ ಮುಂಗೈಗೆ ಒತ್ತಿ ಎಳೆದರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಕೈ ಮೇಲೆ ಗೀರೂ ಇರಲಿಲ್ಲ, ಅಷ್ಟು ಮೊಂಡು. ಆಮೇಲೆ ಹಿಡಿಯನ್ನು ಮಾಲೀಕರತ್ತ ಚಾಚಿದರು.

"ಹಿಡ್ಕೊಳ್ರಿ ಸಾವ್ಕಾರ್ರೆ. ಇದನ್ನ ಹಿಡ್ದು ಸುಳ್ಳು ಹೇಳಂಗಿಲ್ಲ. ನಾನು ಬೆದರಿಸೀನಿ ಅಂತ ಎಲ್ಲರ ಮುಂದೆ ಇನ್ನೊಂದ್ಸಲ ಹೇಳ್ರಿ. ಈಗಿಂದೀಗ ಮನೆ ಬಿಡ್ತೀನಿ."

ಮಾಲೀಕರು ಕೈ ಹಿಂದೆ ಕಟ್ಟಿಕೊಂಡರು. "ಎಂಥದೋ ಪರದೇಶದ್ದು. ನಾ ಯಾಕ ಮುಟ್ಲಿ?"

"ಮುಟ್ರಿ, ಅದೇನ್ ಕಚ್ಚಂಗಿಲ್ಲ," ಎಂದರು ದಫೇದಾರರು. ಮಾಲೀಕರು ಮುಟ್ಟಲಿಲ್ಲ. ದಫೇದಾರರು ಟೋಪಿ ಸರಿಮಾಡಿಕೊಂಡು ಹೊರಟೇಬಿಟ್ಟರು.

ಮರುವರ್ಷ ಅಪ್ಪ "ಹೆಣ್ಣಿಗೆ ಇಷ್ಟು ಓದು ಸಾಕು" ಎಂದಾಗ ನಾನು ಎದುರು ನಿಂತು, "ನಾ ದಾವಣಗೆರೆ ಕಾಲೇಜಿಗೆ ಹೋಗಾಕಿನೇ" ಎಂದೆ. "ಪಕ್ಕದ್ಮನಿ ಗಾಳಿ ಬಡ್ದೈತೆ ಇದಕ್ಕ" ಎಂದು ಗೊಣಗುತ್ತಲೇ ಅಪ್ಪ ರೈಲಿನ ಪಾಸು ಮಾಡಿಸಿಕೊಟ್ಟರು. ಇವತ್ತು ನಾನು ನಾಲ್ಕು ಅಕ್ಷರ ಬರೆಯುತ್ತಿದ್ದರೆ ಅದು ಆ ಗಾಳಿಯ ಋಣ.

ಇತ್ತ ಮಾಲೀಕರು ಖಾಲಾ ಅವರನ್ನು ಕತ್ತಿಯ ಆ ದಿನಕ್ಕೇ ಬಿಡಲಿಲ್ಲ. ಹೆಂಚು ತೆಗೆಸಿದರು, ಖಾಲಾ ತಗಡು ಹೊದಿಸಿದರು. ನಲ್ಲಿ ಕಡಿಸಿದರು, ಖಾಲಾ ಹೊಳೆಯಿಂದ ನೀರು ಹೊತ್ತರು. ಅವರನ್ನು ಆ ಮನೆಯಿಂದ ಹೊರಗೆ ತರಲು ಕೊನೆಗೆ ಸಾವೇ ಬರಬೇಕಾಯಿತು.