ಡೊಂಬಿವಲಿಯ ಅಸಲಿ ಗಸಿ

ಹಳೆಯ ಹೋಟೆಲುಗಳ ರುಚಿ ಉಳಿದಿದೆಯೇ ಎಂದು ನೋಡುವ ನನ್ನ ಚಪಲ ಇವತ್ತಿಗೆ ಸಾಕಾಯಿತು, ಗೆಳೆಯರೇ. ಮುಂಬಯಿ ಪಕ್ಕದ ಠಾಣೆ, ಕಲ್ಯಾಣ ಊರುಗಳ ಹೋಟೆಲು ಮುಗಿಸಿ ಮಧ್ಯಾಹ್ನ ಡೊಂಬಿವಲಿಯ ಶೆಟ್ರ ಹೋಟೆಲಿಗೆ ಹೋಗಿದ್ದೆ. ಕಾಯಿ ಅರೆದು ಮಾಡುವ ನಮ್ಮ ಮಂಗಳೂರಿನ ಕೋಳಿ ಗಸಿ ಬಂತು. ತೆಂಗಿನಕಾಯಿಯ ಸುಳಿವೇ ಇಲ್ಲ. ಪನೀರಿಗೆ ಹಾಕುವ ಅದೇ ಕೆಂಪು ಸಿಹಿ ಗ್ರೇವಿ.

"ಶೆಟ್ರೇ, ಇದು ಗಸಿಯಾ?" ಎಂದೆ.

"ನೀವು ಕೊನೆಗೆ ಬಂದದ್ದು ಯಾವಾಗ ಮಾರಾಯ್ರೆ?"

"ಹನ್ನೊಂದು ವರ್ಷ ಆಯ್ತು."

"ಕಾಯಿ ಕಡೆದು ಮಾಡಿದ್ದು ದಿನಾ ಉಳೀತಿತ್ತು. ಆಗ ತಿನ್ಲಿಕ್ಕೆ ಬರ್ಲಿಲ್ಲ, ಈಗ ಪರೀಕ್ಷೆ ಮಾಡ್ಲಿಕ್ಕೆ ಬಂದದ್ದಾ?"

ಉಳಿದದ್ದನ್ನು ಪಾರ್ಸೆಲ್ ಕಟ್ಟಿಸಿ ಮನೆಗೆ ತಂದೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಬೆರಳು ಚೀಪುತ್ತ, "ಪಪ್ಪಾ, ಯೇ ಹೈ ನಾ ಅಸಲಿ ಮಂಗಳೂರಿ ಟೇಸ್ಟ್!" ಎಂದಳು.

ಹಾಗಾದರೆ ಅವಳಜ್ಜಿ ಜೀವಮಾನವಿಡೀ ಕಾಯಿ ಕಡೆದು ಮಾಡಿದ್ದು ಡುಪ್ಲಿಕೇಟ್.