ನಾಲ್ಕೇ ಚಂಡಮಾರುತಗಳ ವರ್ಷ

ನಮ್ಮ ಆಫೀಸಿನ ಬೆನೆಡಿಕ್ಟ್ ಪೊರ್ಬುಗಳಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ, ಕಾಗದದ ಮೇಲೆ ಜಾಸ್ತಿ. ಬಾಯಲ್ಲಿ ಹೇಳಿದ್ದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. ಅದೇ ಮಾತು ಫ್ಯಾಕ್ಸಿನಲ್ಲಿ ಬಂದರೆ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಸೌದಿಯ ಅಲ್ ಖೋಬರಿನಲ್ಲಿ ಹದಿಮೂರು ವರ್ಷ ಶಿಪ್ಪಿಂಗ್ ಕ್ಲಾರ್ಕ್ ಆಗಿದ್ದವರು ಮತ್ತೆ ಹೇಗಿರುತ್ತಾರೆ?

ಅಮೆರಿಕದ ಹ್ಯೂಸ್ಟನ್, ನ್ಯೂ ಓರ್ಲಿಯನ್ಸ್ ಬಂದರುಗಳಿಂದ ಎಣ್ಣೆಬಾವಿಯ ಪಂಪು, ಪೈಪುಗಳನ್ನು ಹಡಗಿನಲ್ಲಿ ತರಿಸುವುದು ನಮ್ಮ ಕಂಪನಿಯ ಕೆಲಸ. ಯಾವ ಕಂಟೇನರ್ ಯಾವ ಹಡಗಿನಲ್ಲಿದೆ ಎಂಬುದು ಪೊರ್ಬುಗಳಿಗೆ ಬಾಯಿಪಾಠ. ನಾನು ಶೇಖರ, ಉಡುಪಿಯವನು, ಪಕ್ಕದ ಮೇಜಿನ ಟೈಪಿಸ್ಟ್.

ಅಮೆರಿಕದ ಆ ಕರಾವಳಿಗೆ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಅಲ್ಲಿ ಬಂದರು ಮುಚ್ಚಿದರೆ ಇಲ್ಲಿ ನಮಗೆ ಊಟ ನಿದ್ದೆ ಇಲ್ಲ; ಹಡಗು ಬದಲಿಸಲು ಟೆಲೆಕ್ಸ್ ಮೇಲೆ ಟೆಲೆಕ್ಸ್. ಅದಕ್ಕೆ ನಮ್ಮ ಟೆಕ್ಸಾಸಿನ ಮ್ಯಾನೇಜರ್ ಒಂದು ಪದ್ಧತಿ ಮಾಡಿಕೊಂಡಿದ್ದ. ವರ್ಷದ ಆರಂಭದಲ್ಲಿ ಹ್ಯೂಸ್ಟನ್ನಿನಿಂದ ಒಂದು ಫ್ಯಾಕ್ಸ್ ಬರುತ್ತಿತ್ತು: ಈ ಸಲ ಅಟ್ಲಾಂಟಿಕ್ ಸಾಗರದಲ್ಲಿ ಎಷ್ಟು ಚಂಡಮಾರುತ ಏಳಬಹುದು ಎಂಬ ವಿಜ್ಞಾನಿಗಳ ಅಂದಾಜು. ಸಂಖ್ಯೆ ಹೆಚ್ಚಿದ್ದರೆ ಆ ಆರು ತಿಂಗಳು ಗುಮಾಸ್ತರಿಗೆ ರಜೆ ಇಲ್ಲ, ಕಡಿಮೆಯಿದ್ದರೆ ಉಂಟು. ಉಳಿದ ಆರು ತಿಂಗಳ ರಜೆಯನ್ನು ಮೇಲಿನವರು ತಮ್ಮತಮ್ಮಲ್ಲೇ ಹಂಚಿಕೊಂಡು ಮುಗಿಸುತ್ತಿದ್ದರು. ಹೀಗೆ ನಾವು ಹೆಂಡತಿ ಮಕ್ಕಳ ಮುಖ ನೋಡಬೇಕೋ ಬೇಡವೋ ಎಂಬುದನ್ನು ನಾವು ಕಂಡೇ ಇರದ ಸಮುದ್ರವೊಂದು ತೀರ್ಮಾನಿಸುತ್ತಿತ್ತು.

೧೯೯೨ರ ಫ್ಯಾಕ್ಸಿನಲ್ಲಿ ಬಂದ ಸಂಖ್ಯೆ ನಾಲ್ಕು. ಸಾಧಾರಣ ವರ್ಷಕ್ಕಿಂತ ಕಡಿಮೆ. ಪೊರ್ಬುಗಳ ಮುಖ ಅರಳಿತು. ಊರಲ್ಲಿ ಮಗಳು ಜಾಯ್ಸ್‌ಗೆ ಗಂಡು ನಿಶ್ಚಯವಾಗಿತ್ತು. ಆಗಸ್ಟ್ ಕೊನೆಗೆ ಒಂದು ವಾರ ರಜೆ ಎಂದು ಮ್ಯಾನೇಜರ್ ಬರೆದುಕೊಟ್ಟ. ಚಿಕ್ಕವಳಿದ್ದಾಗ ಚರ್ಚಿನಲ್ಲಾದ ಅವಳ ಮೊದಲ ಕಮ್ಯೂನಿಯನ್‌ಗೂ ಈ ಅಪ್ಪ ಇರಲಿಲ್ಲ, ಕಾಲೇಜಿಗೆ ಸೇರಿದಾಗಲೂ ಇರಲಿಲ್ಲ. ಮದುವೆಯ ಹಿಂದಿನ ಸಂಜೆ ಅವರ ಮಂಗಳೂರು ಕಡೆಯ ಕ್ರೈಸ್ತರಲ್ಲಿ ರೋಸ್ ಎಂದು ಮಾಡುತ್ತಾರೆ. ಮದುಮಗಳ ತಲೆಗೆ ಹಿರಿಯರು ತೆಂಗಿನ ಹಾಲು, ಎಣ್ಣೆ ಹಚ್ಚಿ ಕನ್ಯೆಯ ಬದುಕಿನಿಂದ ಬೀಳ್ಕೊಡುವ ಶಾಸ್ತ್ರ. ತನ್ನ ಕೈಯಿಂದ ಆ ಹಾಲು ಹಚ್ಚಬೇಕು, ಪೊರ್ಬುಗಳ ಆಸೆ ಅಷ್ಟೇ.

ಹೆಂಡತಿ ಗೆರ್ಟ್ರೂಡ್‌ಬಾಯಿ ಫೋನಿನಲ್ಲೇ ಗದರಿದರು. ಮಳೆಗಾಲದಲ್ಲಿ ಚಪ್ಪರ ನಿಲ್ಲುವುದಿಲ್ಲ, ಮೀನು ಸಿಗುವುದಿಲ್ಲ, ಜನವರಿಗೆ ಇಡಿ ಎಂದು.

"ಜನವರಿಯಲ್ಲಿ ರಜೆ ನಿನ್ನ ಅಪ್ಪ ಕೊಡ್ತಾರಾ?" ಎಂದು ಇವರು ಕೂಗಿದರು. "ಇಲ್ಲಿ ಸೈಂಟಿಸ್ಟುಗಳೇ ಬರೆದು ಕೊಟ್ಟಿದ್ದಾರೆ, ಫ್ಯಾಕ್ಸ್ ಉಂಟು!"

ಆ ಫ್ಯಾಕ್ಸನ್ನು ಅವರು ಮೇಜಿನ ಗಾಜಿನಡಿ ಇಟ್ಟುಕೊಂಡರು. ಕೆಳಗಿನ ಬಖಾಲಾದ, ಅಂದರೆ ಕಿರಾಣಿ ಅಂಗಡಿಯ, ಮೊಯಿದಿನಬ್ಬ ಮೇ ತಿಂಗಳಲ್ಲಿ ಬಂದು ಕೇಳಿದ: "ಪೊರ್ಬುಗಳೇ, ಮಂಗಳೂರಿಂದ ನನ್ನ ಕುಚ್ಚಲಕ್ಕಿ ಮಂಜಿ ಹಡಗಿನಲ್ಲಿ ಬರ್ತಾ ಉಂಟು. ಸಮುದ್ರ ಹೇಗುಂಟು ಈ ಸಲ?"

ಪೊರ್ಬುಗಳು ಗಾಜಿನಡಿ ನೋಡಿ, "ನಾಲ್ಕೇ. ಹೆದರ್ಬೇಡ" ಎಂದರು.

"ಅದು ಅಮೆರಿಕದ ಕಡೆಯ ಸಮುದ್ರದ ಲೆಕ್ಕ ಅಲ್ವಾ?" ಎಂದು ನಾನು ಬಾಯಿ ಹಾಕಿದೆ.

"ನೀರಿಗೆ ಬೇಲಿ ಉಂಟಾ ಮಾರಾಯ?" ಎಂದು ಇಬ್ಬರೂ ನನ್ನನ್ನೇ ಪೆದ್ದನನ್ನಾಗಿ ಮಾಡಿದರು. ಅಕ್ಕಿ ಕ್ಷೇಮವಾಗಿ ಬಂತು. ಅಲ್ಲಿಗೆ ಮೊಯಿದಿನಬ್ಬನೂ ಆ ಕಾಗದದ ಭಕ್ತನಾದ.

ಜೂನ್ ಹೋಯಿತು, ಜುಲೈ ಹೋಯಿತು, ಅಟ್ಲಾಂಟಿಕ್‌ನಲ್ಲಿ ಒಂದೂ ಚಂಡಮಾರುತವಿಲ್ಲ. ಪೊರ್ಬುಗಳು ಮಗಳಿಗೆ ಸೆಂಟು, ಅಳಿಯನಿಗೆ ಕೈಗಡಿಯಾರ ಕೊಂಡರು. ಆಗಸ್ಟ್ ಇಪ್ಪತ್ತನಾಲ್ಕು, ಸೋಮವಾರ ರಾತ್ರಿ ಬೊಂಬಾಯಿ ವಿಮಾನ. ಬುಧವಾರ ರೋಸ್, ಗುರುವಾರ ಮದುವೆ.

ಅದೇ ಸೋಮವಾರ ಮಧ್ಯಾಹ್ನ ಸುದ್ದಿ ಬಂತು. ವರ್ಷದ ಮೊದಲ ಚಂಡಮಾರುತ ಫ್ಲೋರಿಡಾದ ಊರುಗಳನ್ನು ಪುಡಿ ಮಾಡಿ ನಮ್ಮ ಬಂದರುಗಳ ಕಡೆಗೇ ಮುಖ ಮಾಡಿತ್ತು. ಹೆಸರು ಆಂಡ್ರೂ.

"ಯೇಸುವಿನ ಅಪೊಸ್ತಲನ ಹೆಸರು ಇಟ್ಟಿದ್ದಾರಲ್ಲ, ನಾಚಿಕೆ ಇಲ್ಲದವರು!" ಎಂದು ಪೊರ್ಬುಗಳು ಎದ್ದು ನಿಂತರು. ಆಗಲೂ ಅವರಿಗೆ ತಮ್ಮ ರಜೆಯ ಚಿಂತೆ ಬಂದಿರಲಿಲ್ಲ. ನಾಲ್ಕರಲ್ಲಿ ಒಂದು ಕಳೆಯಿತು ಎಂದುಕೊಂಡಿದ್ದರೋ ಏನೋ.

ಮೂರು ಗಂಟೆಗೆ ಮ್ಯಾನೇಜರ್ ಕರೆದ. ನ್ಯೂ ಓರ್ಲಿಯನ್ಸಿನಲ್ಲಿ ನಮ್ಮ ಹಡಗು ನಿಂತಿದೆ, ಹನ್ನೊಂದು ಕಂಟೇನರ್ ಉಂಟು, ನೀನಿಲ್ಲದೆ ಆಗುವುದಿಲ್ಲ ಎಂದ. ಊರಿಗೆ ಹೋಗಿಬರುವ ವೀಸಾ ಒತ್ತಿ ಸಿದ್ಧವಾಗಿದ್ದ ಪಾಸ್‌ಪೋರ್ಟ್ ಮತ್ತೆ ಕಂಪನಿಯ ತಿಜೋರಿಯೊಳಗೆ ಹೋಯಿತು. ಟೆಲೆಕ್ಸ್ ನಾನು ಕಳಿಸುತ್ತೇನೆ, ಅವರನ್ನು ಬಿಡಿ ಎಂದು ನಾನು ಅಂಗಲಾಚಿದೆ. "ನೀನು ಟೈಪ್ ಮಾಡು" ಎಂದ. ಆವತ್ತು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಪೊರ್ಬುಗಳು ಬಂದು ಟೆಲೆಕ್ಸ್ ಮುಂದೆ ಕುಳಿತರು.

ಎರಡು ದಿನ ಆ ಕಡೆಯಿಂದ ಉತ್ತರವಿಲ್ಲ. ಬುಧವಾರ ಮಧ್ಯಾಹ್ನ ಒಂದು ಸಾಲು ಬಂತು: ಹಡಗು ಭಾನುವಾರವೇ ಸರಕು ಸಮೇತ ಬಂದರು ಬಿಟ್ಟಿದೆ, ಎಲ್ಲ ಕ್ಷೇಮ. ಅಂದರೆ ಇಲ್ಲಿ ಯಾರಿಗೂ ಮಾಡುವ ಕೆಲಸವೇ ಇರಲಿಲ್ಲ. ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿ, "ಈಗ ಹೊರಡಬಹುದು" ಎಂದ. ಹೊರಟಿದ್ದರೆ ಎಂಜಲೆಲೆ ಎತ್ತುವ ಹೊತ್ತಿಗೆ ಮುಟ್ಟುತ್ತಿದ್ದರು.

ಸಂಜೆ ಮಗ್ರಿಬ್ ನಮಾಜಿಗೆ ಅಂಗಡಿ ಮುಚ್ಚುವಾಗ ಮೊಯಿದಿನಬ್ಬ ನಮ್ಮಿಬ್ಬರನ್ನೂ ಫೋನನ್ನೂ ಒಳಗೇ ಬಿಟ್ಟು ಶಟರ್ ಎಳೆದುಕೊಂಡು ಹೋದ. ಊರಿಗೆ ಫೋನ್ ಹಚ್ಚಿದೆವು. ಅಲ್ಲಿ ಚಪ್ಪರದ ಮೇಲೆ ಮಳೆ ಬೀಳುತ್ತಿತ್ತು, ಹೆಂಗಸರು ಹಾಡುತ್ತಿದ್ದರು. ಕೂಗಿ ಮಾತಾಡದೆ ಏನೂ ಕೇಳಿಸುತ್ತಿರಲಿಲ್ಲ. ಅಪ್ಪನ ಜಾಗದಲ್ಲಿ ಸೋದರಮಾವ ಹಾಲು ಹಿಡಿದು ನಿಂತಿದ್ದರಂತೆ.

"ಕಂಜೂಸಿ ಮಾಡ್ಬೇಡ ಅಂತ ಹೇಳು ಅವನಿಗೆ!" ಪೊರ್ಬುಗಳು ಹೆಂಡತಿಗೆ ಕೇಳುವಂತೆ ಬೊಬ್ಬೆ ಹಾಕಿದರು. "ನೆತ್ತಿ ಪೂರ್ತಿ ನೆನೆಯಬೇಕು! ಕಿವಿ ಹಿಂದೆ! ಕಿವಿ ಹಿಂದೆ ಹಚ್ಚಲಿಕ್ಕೆ ಹೇಳು!"

ಆಮೇಲೆ ಜಾಯ್ಸ್ ಫೋನಿಗೆ ಬಂದಳು. ಅವಳೇನು ಹೇಳಿದಳೋ ನನಗೆ ಕೇಳಿಸಲಿಲ್ಲ. ಪೊರ್ಬುಗಳು "ಆಯ್ತು ಮಗಾ, ಆಯ್ತು" ಎನ್ನುತ್ತಲೇ ಇದ್ದರು. ಲೈನ್ ಕಡಿದು ಹೋದ ಮೇಲೂ ಇನ್ನೆರಡು ಸಲ ಅಂದರು. ನಾನು ಹಾಲಿನ ಪುಡಿಯ ಡಬ್ಬಿಗಳ ಕಡೆ ತಿರುಗಿ ಅತ್ತುಬಿಟ್ಟೆ.

ಡಿಸೆಂಬರಿನಲ್ಲಿ ಮ್ಯಾನೇಜರ್ ಹೊಸದೊಂದು ಫ್ಯಾಕ್ಸ್ ಹಿಡಿದು ಖುಷಿಯಿಂದ ನಮ್ಮ ಮೇಜಿಗೇ ಬಂದ. ಚಂಡಮಾರುತದ ಕಾಲ ಮುಗಿದಿತ್ತು, ಲೆಕ್ಕ ಬಂದಿತ್ತು.

"ನೋಡು ಬೆನೆಡಿಕ್ಟ್, ನಾಲ್ಕು ಅಂದಿದ್ದರು, ನಾಲ್ಕೇ ಬಂದವು! ನಮಗೆ ತೊಂದರೆ ಕೊಟ್ಟದ್ದು ಅದೊಂದೇ. ವರ್ಷಕ್ಕೆ ಒಂದೇ ಒಂದು. ಅದು ದೊಡ್ಡದಾ?"

ಪೊರ್ಬುಗಳು ಫ್ಯಾಕ್ಸ್ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. ಸಂಖ್ಯೆ ಸರಿಯಿತ್ತು. ತಿರುಗಿ ಅವನ ಕೈಗೇ ಕೊಟ್ಟರು.

"ಸರ್," ಎಂದರು, "ನನಗೆ ಇದ್ದದ್ದೂ ಒಬ್ಬಳೇ ಮಗಳು."